ಕೊನೆಯ ಬಸ್ಸಿಗಾಗಿ ಬಿಟ್ಟೆದ್ದ ಪಂದ್ಯ

ಸಚಿನ್ ಔಟಾದ ತಕ್ಷಣ ನಾನೂ ನನ್ನ ಸೋದರಮಾವನೂ ಎದ್ದುಬಿಟ್ಟೆವು. 1996ರ ಅಕ್ಟೋಬರ್ 21, ಚಿನ್ನಸ್ವಾಮಿ ಕ್ರೀಡಾಂಗಣ, ಟೈಟನ್ ಕಪ್, ಎದುರಾಳಿ ಆಸ್ಟ್ರೇಲಿಯಾ. ಗೆಲ್ಲಲು ಬೇಕಿದ್ದದ್ದು 216. ಸಚಿನ್ 88 ಹೊಡೆದು ಹೊರಟಾಗ ಸ್ಕೋರು ಎಂಟು ವಿಕೆಟ್‌ಗೆ 164. ‘ಏಳೋ, ಇನ್ನೇನಿದೆ ನೋಡೋಕೆ, ಬಸ್ಸಾದರೂ ಸಿಗಲಿ’ ಅಂದರು ಮಾವ.

ಬಸ್ಸು ಸಿಕ್ಕಿತು. ಮರುದಿನ ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಕಾಲಿಟ್ಟರೆ, ಹರಾಜಿಗೆ ಬಂದಿದ್ದ ರೀಲರ್‌ಗಳೆಲ್ಲ ಶ್ರೀನಾಥ್, ಕುಂಬ್ಳೆ ಸೇರಿ 52 ರನ್ ಕೂಡಿಸಿ ಗೆಲ್ಲಿಸಿದ ಕಥೆಯನ್ನು ನನಗೇ ಹೇಳುತ್ತಿದ್ದಾರೆ! ಅವರೆಲ್ಲ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದವರು. ದುಡ್ಡು ಕೊಟ್ಟು ಮೈದಾನಕ್ಕೆ ಹೋಗಿದ್ದ ನಾನು ಗೂಡು ನೋಡುವ ನೆಪದಲ್ಲಿ ತಲೆ ತಗ್ಗಿಸಿದೆ. ಸಚಿನ್ ಹೋದಮೇಲೆ ಬೇಜಾರಾಗಿ ಎದ್ದೆವು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಎದ್ದದ್ದು ಬಸ್ಸಿಗಾಗಿ.

ಆ ಮೈದಾನದ ಮೇಲೆ ನಮ್ಮ ಮಾವನಿಗೆ ಸ್ವಂತ ಹೊಲದಷ್ಟು ಅಭಿಮಾನ. 1974ರ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರು ಗಾವಸ್ಕರ್‌ರನ್ನು ಬೌಲ್ಡ್ ಮಾಡಿದ್ದನ್ನು ಕಣ್ಣಾರೆ ಕಂಡೆ ಅನ್ನುತ್ತಿದ್ದರು. ಕಂಡಿದ್ದರೋ, ರೇಡಿಯೊದಲ್ಲಿ ಕೇಳಿದ್ದರೋ, ನಂದಿಯ ಭೋಗನಂದೀಶ್ವರನೇ ಬಲ್ಲ. ಅಲ್ಲಿಯವರೆಗೆ 15 ವರ್ಷ ರಣಜಿ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದಿದ್ದ ಬಾಂಬೆಯನ್ನು ಕರ್ನಾಟಕ ಮಣಿಸಿದ್ದು ಆ ಪಂದ್ಯದಲ್ಲೇ. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆಯಿತು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದು ಚೊಚ್ಚಲ ಟೆಸ್ಟ್.

ಈಗ ಐಪಿಎಲ್ ಕಾಲ. ಆಟ ಶುರುವಾಗುವುದೇ ರಾತ್ರಿ ಏಳೂವರೆಗೆ, ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ನಗರದವರಿಗೆ ಚಿಂತೆಯಿಲ್ಲ. ಪಂದ್ಯದ ದಿನ ಮೆಟ್ರೊ ತಡರಾತ್ರಿವರೆಗೂ ಓಡುತ್ತದೆ, ಕಬ್ಬನ್ ಪಾರ್ಕ್ ನಿಲ್ದಾಣ ಪಕ್ಕದಲ್ಲೇ ಇದೆ. ಒಳ್ಳೆಯ ವ್ಯವಸ್ಥೆ, ಹೊಗಳಲೇಬೇಕು. ನಮ್ಮ ಪಾಡು? ಹೈದರಾಬಾದ್ ಕಡೆಯ ಬಸ್ಸಿನವರನ್ನು ಗೋಗರೆದು ಹತ್ತಿದರೆ ಚಿಕ್ಕಬಳ್ಳಾಪುರದ ಬೈಪಾಸಿನಲ್ಲಿ ಇಳಿಸಿ ಹೋಗುತ್ತಾರೆ. ಅಲ್ಲಿಂದ ಶಿಡ್ಲಘಟ್ಟಕ್ಕೋ ಚಿಂತಾಮಣಿಗೋ ಹೋಗಬೇಕಾದವನು ನಡುರಾತ್ರಿ ಹಾಲಿನ ಗಾಡಿಗೆ ಕೈ ಅಡ್ಡ ಹಿಡಿಯಬೇಕು. ಅದಕ್ಕೇ ನಮ್ಮ ಹುಡುಗರು ಬೈಕಿನಲ್ಲಿ ಹೋಗುತ್ತಾರೆ, ಒಂದು ಬೈಕಿಗೆ ಮೂವರು. ರಾತ್ರಿ ಎರಡು ಗಂಟೆಗೆ ದೇವನಹಳ್ಳಿ ದಾಟಿದೆವು ಅಂತ ಮಗ ಫೋನ್ ಮಾಡುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

2025ರ ಜೂನ್ 4ರ ಮೇಲಂತೂ ಈ ಭಯ ಇಮ್ಮಡಿಯಾಗಿದೆ. ಆ ಸಂಜೆ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರಲ್ಲಿ ನಮ್ಮ ಚಿಂತಾಮಣಿ ಕಡೆಯವರೂ ಇದ್ದರು. ಹೊರ ಊರಿನಿಂದ ಬಂದವನಿಗೆ ಯಾವ ಗೇಟು ಯಾವ ರಸ್ತೆಗೆ ತೆರೆಯುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಜನ ಎತ್ತ ನುಗ್ಗಿದರೆ ಅವನೂ ಅತ್ತಲೇ. ಇಷ್ಟು ದೊಡ್ಡ ಜನಜಂಗುಳಿಗೆ ಈ ಜಾಗ ಸುರಕ್ಷಿತವಲ್ಲ ಎಂದು ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ಹೇಳಿತು. ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಹೊಸ ಕ್ರೀಡಾಂಗಣ ಕಟ್ಟುವ ಮಾತೂ ಸರ್ಕಾರದಿಂದ ಬಂತು.

ಕಟ್ಟಲಿ, ಬೇಡ ಅನ್ನುವವನು ನಾನಲ್ಲ. ಆದರೆ ಬೊಮ್ಮಸಂದ್ರ ಇರುವುದು ಹೊಸೂರು ರಸ್ತೆಯಲ್ಲಿ. ಉತ್ತರದಿಂದ ಬರುವ ನಮಗೆ ಇಡೀ ಬೆಂಗಳೂರನ್ನು ಸೀಳಿಕೊಂಡು ಹೋಗಿ, ನಡುರಾತ್ರಿ ಮತ್ತೆ ಸೀಳಿಕೊಂಡು ಬರುವ ಶಿಕ್ಷೆ. ನಕ್ಷೆ ಬರೆಯುವವರು ಆಸನ ಎಣಿಸಿದ್ದಾರೆ, ಪಾರ್ಕಿಂಗನ್ನೂ ಎಣಿಸುತ್ತಾರೆ. ಗೌರಿಬಿದನೂರಿನವನು ಮನೆ ಸೇರುವ ಹೊತ್ತನ್ನು ಎಣಿಸುವವರು ಯಾರು?

ಹೊಸದು ಎದ್ದೇಳುವವರೆಗೆ ಕಾಯಬೇಕಿಲ್ಲ. ಕಂಟೋನ್ಮೆಂಟ್ ರೈಲು ನಿಲ್ದಾಣ ಚಿನ್ನಸ್ವಾಮಿಗೆ ಹತ್ತಿರ. ಯಲಹಂಕ, ದೇವನಹಳ್ಳಿ, ನಂದಿ ಹಾಲ್ಟ್ ಹಾಯ್ದು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮುಟ್ಟುವ ಹಳಿ 2013ರಿಂದಲೇ ಬ್ರಾಡ್‌ಗೇಜ್ ಆಗಿ ಕೋಲಾರದವರೆಗೆ ಹಾಸಿಕೊಂಡಿದೆ. ಪಂದ್ಯದ ರಾತ್ರಿ ಹನ್ನೆರಡೂವರೆಗೆ ಕಂಟೋನ್ಮೆಂಟ್‌ನಿಂದ ಒಂದು ಡೆಮು ರೈಲು ಬಿಡಿ. ಆಗದಿದ್ದರೆ ಎರಡು ಬಸ್ಸು ಬಿಡಿ, ಅದರ ಚಾರ್ಜನ್ನು ಪಂದ್ಯದ ಟಿಕೆಟ್ಟಿನಲ್ಲೇ ಸೇರಿಸಿ, ಕೊಡುತ್ತೇವೆ. ಬೆಳಿಗ್ಗೆ ಹರಾಜಿಗೆ ನಾನು ಮಾರುಕಟ್ಟೆಯಲ್ಲಿರಬೇಕು, ಕೊನೆಯ ಓವರನ್ನೂ ನೋಡಬೇಕು.