ಓದಿದವನ ಕೈಯೂ ಎಂಜಿನ್ನಿನ ಎಣ್ಣೆಯೂ

ಕಾರಿನ ಎಂಜಿನ್ನಿನಿಂದ ಎಣ್ಣೆ ಸೋರುವುದಕ್ಕೂ ಬಿ.ಎ. ತರಗತಿಯ ವಿದ್ಯಾಭ್ಯಾಸಕ್ಕೂ ಏನು ಸಂಬಂಧವೆಂದು ಓದುಗ ಮಿತ್ರರು ಕೇಳಬಹುದು. ಸಂಬಂಧವುಂಟೆಂಬುದು ನನ್ನ ಅನುಭವ. ಆ ಪಾಠಕ್ಕೆ ತೆತ್ತ ಶುಲ್ಕ ಸುಮಾರು ಮೂರು ಲೀಟರ್ ಹೊಸ ಎಣ್ಣೆ, ಮತ್ತು ಅಪ್ಪನ ಒಂದು ದಿನದ ಬಾಡಿಗೆ.

ನಮ್ಮ ಮನೆ ಇರುವುದು ದೊಡ್ಡನೆಕ್ಕುಂದಿಯಲ್ಲಿ. ಹೊರವರ್ತುಲ ರಸ್ತೆಯ ಕಡೆಗೆ ಗಾಜಿನ ಮಹಡಿಗಳ ಕಚೇರಿಗಳು. ಕೈಗಾರಿಕಾ ಪ್ರದೇಶದ ಕಡೆಗೆ ಸಣ್ಣಪುಟ್ಟ ಶೆಡ್ಡುಗಳು. ನಡುವೆ ನಮ್ಮಂಥವರ ಬೀದಿಗಳು. ಅಪ್ಪ ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುತ್ತಾರೆ. ಕೂಲಿಯಾದರೂ ಉಳಿಯಲೆಂದು ಒಂದು ಭಾನುವಾರ ಎಂಜಿನ್ ಆಯಿಲ್ ಬದಲಾಯಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. "ಓದಿದೋನು, ನೋಡ್ಕೊಂಡು ಮಾಡ್ತಾನೆ ಬಿಡು" ಎಂದು ಅಪ್ಪ ಅಮ್ಮನಿಗೆ ಹೇಳಿದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ.

ಹಳೆಯ ಎಣ್ಣೆ ಇಳಿಸಿ, ಹೊಸ ಫಿಲ್ಟರ್ ಕೂರಿಸಿ, ಹೊಸ ಎಣ್ಣೆ ತುಂಬಿದೆ. ಮರುದಿನ ಬೆಳಿಗ್ಗೆ ಕಾರಿನಡಿಯಲ್ಲಿ ಅಂಗೈಯಗಲ ಎಣ್ಣೆಯ ಕಲೆ ಕಂಡಿತು. ನಾನು ಬಗ್ಗಿ ಕೂಡ ನೋಡಲಿಲ್ಲ. "ಗಾಡಿ ಹಳೇದು ಅಪ್ಪ, ಒಳಗಡೆ ಸೀಲ್ ಹೋಗಿದೆ" ಎಂದು ತೀರ್ಪು ಕೊಟ್ಟುಬಿಟ್ಟೆ. ಎಂಜಿನ್ನಿನ ಹಿಂಭಾಗದ ಸೀಲ್ ಬದಲಾಯಿಸಬೇಕಾದರೆ ಗೇರ್ ಬಾಕ್ಸನ್ನೇ ಇಳಿಸಬೇಕು. ಬಡವರ ಮನೆಗೆ ಅದು ಸಣ್ಣ ಖರ್ಚಲ್ಲ. ಅಪ್ಪ ಎದುರಾಡಲಿಲ್ಲ. ಯಾರ ಬಳಿ ಕೈಗಡ ಕೇಳುವುದೆಂದು ಯೋಚಿಸುತ್ತಲೇ ಬಾಡಿಗೆಗೆ ಹೊರಟರು. ಬೀದಿಯ ತಿರುವಿನಲ್ಲೇ ಆಯಿಲಿನ ಕೆಂಪು ದೀಪ ಹೊತ್ತಿತು. ಅವರು ಆ ಕ್ಷಣವೇ ನಿಲ್ಲಿಸಿದ್ದರಿಂದ ಎಂಜಿನ್ ಉಳಿಯಿತು. ಇನ್ನಷ್ಟು ದೂರ ಓಡಿಸಿದ್ದರೆ ಸೀಜ್ ಆಗುತ್ತಿತ್ತು. ಚೆಲ್ಲಿದ ಎಣ್ಣೆಯ ಮೇಲೆ ಸ್ಕೂಟರಿನವರು ಜಾರದಿರಲೆಂದು ಮರಳು ಸುರಿದೆವು.

ನಮ್ಮ ಬೀದಿಯ ಮೆಕ್ಯಾನಿಕ್ ಬಂದು ಕೇಳಿದ ಮೊದಲ ಪ್ರಶ್ನೆ ಇದು: "ಏನಪ್ಪಾ, ಹಳೇ ಫಿಲ್ಟರ್ ಎಲ್ಲಿಟ್ಟಿದೀಯ?" ತಂದು ತೋರಿಸಿದೆ. ಅದರ ಬಾಯಲ್ಲಿ ಇರಬೇಕಾದ ರಬ್ಬರ್ ಬಳೆ ಇರಲಿಲ್ಲ. ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೆಯೇ ನಾನು ಹೊಸ ಬಳೆಯ ಹೊಸ ಫಿಲ್ಟರನ್ನು ತಿರುಗಿಸಿ ಕೂರಿಸಿದ್ದೆ. ಒಂದರ ಮೇಲೊಂದು ಕುಳಿತ ಎರಡು ಬಳೆಗಳು ಭದ್ರವಾಗಿ ನಿಲ್ಲವು. ಎಣ್ಣೆಯ ಒತ್ತಡ ಏರಿದಾಗ ಜಾರಿ ದಾರಿ ಬಿಡುತ್ತವೆ. ಅವರು ಹಳೆಯ ಬಳೆಯನ್ನು ಉಗುರಿನಿಂದ ಎಬ್ಬಿಸಿ, ಜಾಗವನ್ನು ಬಟ್ಟೆಯಿಂದ ಒರೆಸಿ, ಹೊಸ ಬಳೆಗೆ ಬೆರಳಿನಿಂದ ಎಣ್ಣೆ ಸವರಿ, ಫಿಲ್ಟರನ್ನು ಕೈಯಿಂದಲೇ ಬಿಗಿದರು. ಎಣ್ಣೆ ಇಳಿಸುವ ಬೋಲ್ಟಿನ ವಾಷರನ್ನೂ ಬದಲಾಯಿಸಿದರು. ಕೆಳಗೆ ರಟ್ಟು ಹಾಸಿ, ಎಂಜಿನ್ ಓಡಿಸಿ, ಟಾರ್ಚು ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿದರು. ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ, ಅದು ಹರಿದು ಬಂದ ದಾರಿಯನ್ನು ಹಿಡಿದು ಮೇಲಕ್ಕೆ ಹೋಗಬೇಕು ಎಂಬುದನ್ನು ಅಂದು ಕಲಿತೆ.

ಇಂಥ ತಪ್ಪು ನನ್ನೊಬ್ಬನದೇ ಅಲ್ಲ. 1983ರ ಮೇ 5ರಂದು ಅಮೆರಿಕದ ಮಯಾಮಿಯಿಂದ ನಸ್ಸಾವಿಗೆ 172 ಜನರನ್ನು ಹೊತ್ತು ಹೊರಟ ಈಸ್ಟರ್ನ್ ಏರ್‌ಲೈನ್ಸಿನ ವಿಮಾನವೊಂದರ ಮೂರು ಎಂಜಿನ್ನುಗಳಿಂದಲೂ ಎಣ್ಣೆ ಸೋರಿಹೋಯಿತು. ಹಿಂದಿನ ರಾತ್ರಿ ಪರೀಕ್ಷೆ ಮಾಡಿದವರು ಒಂದು ಸಣ್ಣ ಭಾಗವನ್ನು ಮರಳಿ ಕೂರಿಸುವಾಗ ಅದರ ರಬ್ಬರ್ ಬಳೆಗಳನ್ನು ಹಾಕಿರಲಿಲ್ಲ. ಮೂರೂ ಮಾಪಕಗಳು ಎಣ್ಣೆಯಿಲ್ಲವೆಂದು ತೋರಿಸಿದಾಗ, ಕೆಟ್ಟಿರುವುದು ಮಾಪಕಗಳೇ ಇರಬೇಕೆಂದು ಚಾಲಕರಿಗೆ ಮೊದಲು ತೋರಿತು. ಕೊನೆಗೆ ಒಂದು ಎಂಜಿನ್ನನ್ನು ಮತ್ತೆ ಚಾಲೂ ಮಾಡಿ ಮಯಾಮಿಯಲ್ಲೇ ಇಳಿದರು, ಎಲ್ಲರೂ ಬದುಕಿದರು. ನುರಿತವರಿಗೇ ಹೀಗಾಗಬಹುದಾದರೆ, ತಪ್ಪಾಗುವುದು ಅವಮಾನವಲ್ಲ. ತಾನು ಮುಟ್ಟಿದ್ದನ್ನು ಬಿಟ್ಟು ಉಳಿದೆಲ್ಲವನ್ನೂ ಸಂದೇಹಿಸುವುದೇ ಅಪಾಯ.

"ಮೊದಲೇ ಮೆಕ್ಯಾನಿಕ್ಕಿಗೆ ಬಿಡಬಹುದಿತ್ತಲ್ಲ" ಎಂದು ಕೆಲವರು ಹೇಳಿಯಾರು. ನಾನು ಒಪ್ಪುವುದಿಲ್ಲ. ನಾನೇ ಕೈಹಾಕದಿದ್ದರೆ ಆ ಕಸುಬಿನಲ್ಲಿರುವ ವಿವೇಕ ನನಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಮನೆಯಲ್ಲೇ ಮಾಡುವವನಿಗೆ ಕೆಲವು ಕರ್ತವ್ಯಗಳುಂಟು. ಬರಿಯ ಜ್ಯಾಕನ್ನು ನಂಬಿ ಕಾರಿನಡಿಗೆ ಹೋಗಬಾರದು, ಸ್ಟ್ಯಾಂಡ್ ಕೊಡಬೇಕು. ತೆಗೆದ ಪ್ರತಿಯೊಂದು ಭಾಗವನ್ನೂ ಎದುರಿಗಿಟ್ಟು ಎಣಿಸಬೇಕು. ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯಬಾರದು. ನಮ್ಮಲ್ಲಿ ಮೋರಿಗೆ ಬಿದ್ದದ್ದು ಕೆರೆ ಸೇರುತ್ತದೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡಬ್ಬದಲ್ಲಿ ತುಂಬಿ, ಅದನ್ನು ಸಂಗ್ರಹಿಸಲು ಅನುಮತಿ ಪಡೆದವರಿಗೆ ತಲುಪಿಸಬೇಕು.

ಈ ಮಾತು ಎಂಜಿನ್ನಿಗಷ್ಟೇ ನಿಲ್ಲುವುದಿಲ್ಲ. ಮುಂದೆ ನಮ್ಮಲ್ಲಿ ಕೆಲವರು ಗುಮಾಸ್ತರಾಗುತ್ತೇವೆ, ಕೆಲವರು ಉಪಾಧ್ಯಾಯರು, ಕೆಲವರು ಅಧಿಕಾರಿಗಳು. ಓದು ಬಾರದವರು ನಮ್ಮ ಮಾತನ್ನು ನಂಬಿ ಸಾಲ ಮಾಡುತ್ತಾರೆ, ರುಜು ಹಾಕುತ್ತಾರೆ. ಅಂದು ಅಪ್ಪನ ಸಾಲವನ್ನು ತಪ್ಪಿಸಿದ್ದು ನನ್ನ ವಿದ್ಯೆಯಲ್ಲ, ಬೀದಿಯ ಮೆಕ್ಯಾನಿಕ್ಕರ ಒಂದು ಪ್ರಶ್ನೆ. ಕೆಲಸ ಕೆಟ್ಟಾಗ ಹಳೆಯ ಗಾಡಿಯನ್ನೂ ಪರರನ್ನೂ ದೂರುವ ಮೊದಲು, ತಾನು ನಿನ್ನೆ ಬಿಚ್ಚಿ ಕೂರಿಸಿದ್ದನ್ನು ಬಗ್ಗಿ ನೋಡುವ ಅಭ್ಯಾಸ ಬಾರದಿದ್ದರೆ ಪದವಿಯಿಂದ ಏನು ಪ್ರಯೋಜನ?

ಅಂದು ಸಂಜೆ, "ಗಾಡಿ ಚೆನ್ನಾಗೇ ಇದೆ ಅಪ್ಪ, ತಪ್ಪು ನಂದು" ಎಂದು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಮುಂದಿನ ಸಲವೂ ನೀನೇ ಮಾಡು" ಎಂದರು. ಹಳೆಯ ರಬ್ಬರ್ ಬಳೆಯನ್ನು ನಾನು ಎಸೆದಿಲ್ಲ. ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.