ಬಂಗಲೆಗೆ ಕಾಯ್ದೆ ಬಂತು, ಪಾರಿಜಾತದ ಟ್ರಂಕಿಗೆ ಏನು ಬಂತು?

2019ರ ಆಗಸ್ಟ್ ತಿಂಗಳ ನೆರೆ ನಿಮಗೆಲ್ಲ ನೆನಪಿದೆ. ಘಟಪ್ರಭಾ, ಮಾರ್ಕಂಡೇಯ ನದಿಗಳು ಗೋಕಾಕ, ಮೂಡಲಗಿ ಭಾಗದ ಊರುಗಳಿಗೆ ನುಗ್ಗಿದವು. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ನೀರು ಮನೆಯೊಳಗೆ ಬಂತು. ಆಗ ಸುದ್ದಿ ಮಾಡುತ್ತ ಊರೂರು ತಿರುಗುವಾಗ, ನದಿ ದಂಡೆಯ ಒಂದು ಹಳ್ಳಿಯಲ್ಲಿ ಶ್ರೀಕೃಷ್ಣ ಪಾರಿಜಾತದ ಹಿರಿಯ ಕಲಾವಿದರೊಬ್ಬರ ಮನೆಗೆ ಹೋಗಿದ್ದೆವು. ಮಣ್ಣಿನ ಗೋಡೆ ಕುಸಿದಿತ್ತು. ಪಡಸಾಲೆಯಲ್ಲಿದ್ದ ಟ್ರಂಕ್ ರಾಡಿಯಲ್ಲಿ ಹೂತು ಹೋಗಿತ್ತು. ಅದರಲ್ಲಿ ಕಿರೀಟ, ಗೆಜ್ಜೆ, ಕೈಯಿಂದ ಬರೆದಿಟ್ಟ ಹಾಡಿನ ವಹಿ, ಸನ್ಮಾನದ ಫೋಟೋಗಳು ಇದ್ದವಂತೆ.

“ಮನಿ ಬಿದ್ರ ಮತ್ತ ಕಟ್ಟಬಹುದು ತಮ್ಮಾ, ಆ ವಹಿ ಎಲ್ಲಿಂದ ತರ್ಲಿ?” ಅಂದರು ಆ ಅಜ್ಜ. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆ ವರ್ಷ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಎಂದು ಸರಕಾರ ಹೇಳಿತು. ಪಂಚನಾಮೆಯಲ್ಲಿ ಗೋಡೆ, ಮಾಳಿಗೆ, ಬಾಗಿಲು ಎಲ್ಲ ಲೆಕ್ಕಕ್ಕೆ ಬಂದವು. ಟ್ರಂಕಿನೊಳಗಿನ ಸಾಮಾನಿಗೆ ಯಾವ ಕಲಮೂ ಇರಲಿಲ್ಲ.

ಈಗ ಇನ್ನೊಂದು ಮನೆಯ ಕತೆ ಕೇಳಿ. ಇದು ಗೋಕಾಕದಿಂದ ಸುಮಾರು ಐನೂರು ಕಿಲೋಮೀಟರ್ ದೂರ, ಬೆಂಗಳೂರಿನ ಕನಕಪುರ ರಸ್ತೆಯಲ್ಲಿದೆ. ಹೆಸರು ತಾತಗುಣಿ ಎಸ್ಟೇಟ್. ಸುಮಾರು 468 ಎಕರೆ ಜಮೀನು, ನಡುವೆ ಬಂಗಲೆ. ಇದರ ಒಡತಿ ದೇವಿಕಾ ರಾಣಿ.

ಈಗಿನ ಹುಡುಗರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಹಿಂದಿ ಸಿನಿಮಾದ ದೊಡ್ಡ ನಾಯಕಿ ಆಕೆ. 1934ರಲ್ಲಿ ಶುರುವಾದ ಬಾಂಬೆ ಟಾಕೀಸ್ ಕಂಪನಿಯನ್ನು ಗಂಡ ಹಿಮಾಂಶು ರಾಯ್ ಜೊತೆ ಕಟ್ಟಿದರು. 1936ರ ‘ಅಛೂತ್ ಕನ್ಯಾ’ ಸಿನಿಮಾದಲ್ಲಿ ಅಸ್ಪೃಶ್ಯ ಸಮುದಾಯದ ಹುಡುಗಿಯ ಪಾತ್ರ ಮಾಡಿದರು. ಗಂಡ ತೀರಿಕೊಂಡ ಮೇಲೆ ಕಂಪನಿಯನ್ನು ತಾವೇ ನಡೆಸಿದರು. ದಿಲೀಪ್ ಕುಮಾರ್‌ಗೆ ಮೊದಲ ಅವಕಾಶ ಕೊಟ್ಟಿದ್ದೂ ಇವರೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದಾಗ ಮೊಟ್ಟಮೊದಲು ಅದು ಸಿಕ್ಕಿದ್ದು ದೇವಿಕಾ ರಾಣಿಯವರಿಗೆ. 1945ರಲ್ಲಿ ರಷ್ಯಾ ಮೂಲದ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ಸಿನಿಮಾ ಬಿಟ್ಟರು. ಮುಂದೆ ಇಬ್ಬರೂ ತಾತಗುಣಿಯಲ್ಲಿ ನೆಲೆ ನಿಂತರು. ಸುಗಂಧದ ಎಣ್ಣೆ ತೆಗೆಯುವ ಲಿನಾಲೋ ಗಿಡಗಳನ್ನು ಬೆಳೆಸಿದರು.

ಅವರಿಗೆ ಮಕ್ಕಳಿರಲಿಲ್ಲ. 1993ರ ಜನವರಿಯಲ್ಲಿ ರೋರಿಕ್, 1994ರ ಮಾರ್ಚ್‌ನಲ್ಲಿ ದೇವಿಕಾ ರಾಣಿ ತೀರಿಕೊಂಡರು. ಆಮೇಲೆ ಜಗಳ ಜೋರಾಯಿತು. ಜಮೀನು ನಮಗೆ ಬರೆದುಕೊಟ್ಟಿದ್ದಾರೆ ಎಂದು ಒಂದು ಕಂಪನಿ ಹಕ್ಕು ಹೇಳಿತು. ಚಿತ್ರ, ಒಡವೆ, ಕಾಗದಪತ್ರ ಯಾರ ಕೈಯಲ್ಲಿವೆ ಎಂಬ ತಕರಾರುಗಳೂ ಎದ್ದವು. ರಾಜ್ಯ ಸರಕಾರ 1996ರಲ್ಲಿ ಈ ಒಂದು ಎಸ್ಟೇಟಿಗಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿತು. ಮರಗಳು, ಚಿತ್ರಗಳು, ಕಲಾವಸ್ತುಗಳು ಉಳಿಯಬೇಕು, ಅಲ್ಲಿ ಚಿತ್ರಶಾಲೆ ಮತ್ತು ಮ್ಯೂಸಿಯಂ ಆಗಬೇಕು ಎಂಬುದು ಉದ್ದೇಶ. ಕಾಯ್ದೆಯಲ್ಲಿ ಇಟ್ಟ ಮೊತ್ತ 5 ಕೋಟಿ ರೂಪಾಯಿ. ಕಂಪನಿ ಕೋರ್ಟಿಗೆ ಹೋಯಿತು. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಕಾಯ್ದೆ ಸರಿ ಇದೆ ಎಂದು ತೀರ್ಪು ಕೊಟ್ಟಿತು.

ದೇವಿಕಾ ರಾಣಿ ತೀರಿಕೊಂಡು ಆಗಲೇ 17 ವರ್ಷ ಆಗಿತ್ತು. ಮನೆ ಮತ್ತು ಸಾಮಾನಿನ ದೃಷ್ಟಿಯಿಂದ ನೋಡಿ. 17 ಮಳೆಗಾಲ ಹೋದವು. ಬೀಗ ಹಾಕಿದ ಮನೆ ಒಂದು ಮಳೆಗಾಲಕ್ಕೇ ಹೇಗಾಗುತ್ತದೆ ಎಂದು ನಿಮಗೆ ಗೊತ್ತು. ತೀರ್ಪು ಬಂದ ಮೇಲೂ ಹಲವು ವರ್ಷ ಮ್ಯೂಸಿಯಂ ಬರೀ ಮಾತಾಗಿಯೇ ಉಳಿಯಿತು.

ಈ ಕತೆಯನ್ನು ನಾವು ಸರಕಾರವನ್ನು ಬೈಯಲು ಹೇಳುತ್ತಿಲ್ಲ. ದುಡ್ಡು, ಹೆಸರು, ಕಾಯ್ದೆ, ದೊಡ್ಡ ವಕೀಲರು ಎಲ್ಲ ಇದ್ದ ಮನೆಗೇ ಹೀಗಾದರೆ, ಯಾವುದೂ ಇಲ್ಲದ ನಮ್ಮ ಕಲಾವಿದರ ಮನೆಗಳ ಪಾಡೇನು ಎಂಬುದು ನಮ್ಮ ಚಿಂತೆ. ಯಜಮಾನರು ಬದುಕಿರುವಾಗಲೇ ಯಾವುದು ಯಾರಿಗೆ, ಯಾವುದು ಊರಿಗೆ ಎಂದು ಯಾರೂ ಪ್ರಶ್ನೆ ಮಾಡದ ಹಾಗೆ ಬರೆದಿಟ್ಟು, ಒಳಗಿನ ಸಾಮಾನಿನ ಯಾದಿ ಮಾಡಿಟ್ಟರೆ ಮುಂದಿನ ಅರ್ಧ ಜಗಳ ಹುಟ್ಟುವುದೇ ಇಲ್ಲ. ಮಕ್ಕಳಿರುವ ಮನೆಯಲ್ಲೂ ವಾಟ್ನಿ ಜಗಳ ಎಷ್ಟು ವರ್ಷ ನಡೆಯುತ್ತದೆ ಎಂದು ನಾವೆಲ್ಲ ನೋಡಿದ್ದೇವೆ.

ಸರಕಾರ ಸ್ಮಾರಕ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡಿ. ಧಾರವಾಡದ ಶುಕ್ರವಾರಪೇಟೆಯಲ್ಲಿ ಗಂಗೂಬಾಯಿ ಹಾನಗಲ್ ಅವರು ಹುಟ್ಟಿದ ಮನೆಯನ್ನು ಸರಕಾರ ಸ್ಮಾರಕ ಮಾಡಿತು. ಮುಂದೆ ಅದೇ ಮನೆ ಶಿಥಿಲವಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರ ಅವರ ‘ಮೃತ್ಯುಂಜಯ’ ಮನೆ ಸ್ಮಾರಕವಾಗಿ ನಿಂತಿದೆ. ಮನೆ ಉಳಿಯುವುದು ದಿನಾ ಬಾಗಿಲು ತೆಗೆದು ಕಸ ಹೊಡೆಯುವ ಕೈ ಇದ್ದಾಗ. ಸೋರುವ ಮಾಳಿಗೆಗೆ ಮಣ್ಣು ಹಾಕುವವರು ಬೇಕು. ಬೆಂಗಳೂರಿನ ಆದೇಶ ಆ ಕೆಲಸ ಮಾಡುವುದಿಲ್ಲ.

ಈಗ ನಮ್ಮ ಊರುಗಳಿಗೆ ಬರೋಣ. ಪಾರಿಜಾತ ಎಂದರೆ ಕುಲಗೋಡ ತಮ್ಮಣ್ಣನ ಹೆಸರು ಬರುತ್ತದೆ. ಕೌಜಲಗಿ ನಿಂಗಮ್ಮನ ಹೆಸರು ಬರುತ್ತದೆ. ಹೆಣ್ಣುಮಕ್ಕಳು ಅಟ್ಟ ಏರುವುದೇ ಅಪರೂಪವಾಗಿದ್ದ ಕಾಲದಲ್ಲಿ ನಿಂಗಮ್ಮ ಪಾರಿಜಾತದಲ್ಲಿ ಮನೆಮಾತಾದರು. ಅವರ ದಾರಿಯಲ್ಲಿ ಕೃಷ್ಣನಾಗಿ, ಸತ್ಯಭಾಮೆಯಾಗಿ, ಗೊಲ್ಲತಿಯಾಗಿ, ಕೊರವಂಜಿಯಾಗಿ ರಾತ್ರಿಯಿಡೀ ಕುಣಿದ ಕಲಾವಿದರು ಇವತ್ತಿಗೂ ನಮ್ಮ ನಡುವೆ ಇದ್ದಾರೆ. ಅವರದು ಬಂಗಲೆಯಲ್ಲ. ಎರಡು ಅಂಕಣದ ಮನೆ, ಒಂದು ಪೇಟಿ, ಒಂದು ಟ್ರಂಕ್.

ಆ ಟ್ರಂಕ್ ಬರೀ ನೆನಪಿನ ಸಾಮಾನಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಕಲಾಸೇವೆಯ ದಾಖಲೆ ಕೇಳುತ್ತಾರೆ. ಹಳೆಯ ಹ್ಯಾಂಡ್‌ಬಿಲ್, ಪ್ರಮಾಣಪತ್ರ, ಫೋಟೋ ಇಲ್ಲದಿದ್ದರೆ ನಲವತ್ತು ವರ್ಷ ಹಾಡಿದವರೂ ಕಲಾವಿದರು ಎಂದು ತೋರಿಸಲು ಒದ್ದಾಡಬೇಕು. ಟ್ರಂಕ್ ಹೋದರೆ ಹಾಡೂ ಹೋಯಿತು, ಮಾಸಾಶನದ ದಾರಿಯೂ ಮುಚ್ಚಿತು.

“ಹೊಟ್ಟಿಗೆ ಇಲ್ಲದವರ ಮುಂದ ಮ್ಯೂಸಿಯಂ ಮಾತಾಡ್ತೀರೇನು? ಹುಡುಗರಿಗೆ ಜಾಗ ಬೇಕಲ್ಲ” ಎಂದು ಕೆಲವರು ಕೇಳಬಹುದು. ಸರಿಯಾದ ಮಾತು. ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಕೊಳ್ಳುವುದು ಆ ಮನೆಯ ಮಕ್ಕಳ ಹಕ್ಕು. ಅದನ್ನು ಬೇಡ ಎನ್ನಲು ನಾವು ಯಾರು? ಮನೆ ಕೆಡವುವ ಮೊದಲು ಟ್ರಂಕ್ ತೆಗೆದು ನೋಡಿ ಎಂಬುದಷ್ಟೇ ನಮ್ಮ ಮಾತು. ಗುಜರಿಯವನ ತೂಕಕ್ಕೆ ಗೆಜ್ಜೆ, ರದ್ದಿ ತೂಕಕ್ಕೆ ವಹಿ ಹೋಗಬಾರದು.

ಇದಕ್ಕೆ ಕೋಟಿ ರೂಪಾಯಿ ಬೇಡ. ಮೂರು ಕೆಲಸ ಸಾಕು.

ಮೊದಲನೆಯದು, ನಿಮ್ಮ ಕೈಯಲ್ಲಿರುವ ಮೊಬೈಲು. ಊರಿನ ಹಿರಿಯ ಕಲಾವಿದರ ಹತ್ತಿರ ಹೋಗಿ ಕುಳಿತುಕೊಳ್ಳಿ. ಹಾಡಿನ ವಹಿಯ ಒಂದೊಂದು ಹಾಳೆಯ ಫೋಟೋ ತೆಗೆಯಿರಿ. ಅವರು ಒಪ್ಪಿದರೆ ಹಾಡು ರೆಕಾರ್ಡ್ ಮಾಡಿ. ಅದನ್ನು ಅವರ ಮನೆಯವರಿಗೂ ಕಳಿಸಿ, ಇನ್ನೊಂದು ಪ್ರತಿ ಬೇರೆ ಊರಿನ ನೆಂಟರ ಹತ್ತಿರ ಇಡಿ. ಒಂದು ಮನೆಗೆ ನೀರು ಹೊಕ್ಕರೂ ಇನ್ನೊಂದು ಉಳಿಯುತ್ತದೆ.

ಎರಡನೆಯದು ಕಾಗದ. ಮನೆಯ ಉತಾರ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ವಾರಸಾ ಆಗದಿದ್ದರೆ ಮಾಡಿಸಿ. ಕಲೆಯ ಸಾಮಾನು ಊರಿಗೆ ಕೊಡುವ ಮನಸ್ಸಿದ್ದರೆ ಆ ಅಜ್ಜ, ಅಮ್ಮ ಬದುಕಿರುವಾಗಲೇ ಯಾದಿ ಬರೆದು, ಮೃತ್ಯುಪತ್ರದಲ್ಲೋ ದಾನಪತ್ರದಲ್ಲೋ ಸೇರಿಸಿ, ಸಾಕ್ಷಿ ಸಹಿ ಮಾಡಿಸಿ.

ಮೂರನೆಯದು ಗ್ರಾಮಸಭೆ. ಪಂಚಾಯ್ತಿ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಅಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಊರಿನ ಕಲಾವಿದರ ಹೆಸರಿಗೆ ಮೀಸಲಿಡಲು ಠರಾವು ಮಾಡಿಸಿ. ನೀರು ಬರುವ ಊರಾದರೆ ಕಪಾಟು ಎತ್ತರದಲ್ಲಿರಲಿ. ಬೀಗದ ಕೈ ಯಾರ ಹತ್ತಿರ ಎಂಬುದೂ ಠರಾವಿನಲ್ಲೇ ಬರೆಯಲಿ. ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಬಂದು ಆ ಗೆಜ್ಜೆ ಮುಟ್ಟಿ ನೋಡಲಿ.

ನೆರೆಯಲ್ಲಿ ವಹಿ ಕಳೆದುಕೊಂಡ ಆ ಅಜ್ಜನಿಗೆ ಸಾಕಷ್ಟು ಪದಗಳು ಬಾಯಿಪಾಠ ಇದ್ದವು. ಅವತ್ತು ನಾವು ಬಿದ್ದ ಗೋಡೆಯ ಫೋಟೋ ತೆಗೆದುಕೊಂಡು, ಮುಂದಿನ ಊರಿಗೆ ಹೋಗುವ ಅವಸರದಲ್ಲಿ ಹೊರಟೆವು. ಅರ್ಧ ತಾಸು ಕುಳಿತು ಅವರ ದನಿ ರೆಕಾರ್ಡ್ ಮಾಡಿಕೊಳ್ಳಲಿಲ್ಲ. ಅದು ನಮ್ಮದೇ ತಪ್ಪು. ನೀವು ಆ ತಪ್ಪು ಮಾಡಬೇಡಿ. ಈ ಮಳೆಗಾಲಕ್ಕೆ ಮೊದಲೇ ನಿಮ್ಮ ಓಣಿಯ ಕಲಾವಿದರ ಮನೆಗೆ ಒಮ್ಮೆ ಹೋಗಿ ಬನ್ನಿ.