ಸದ್ದಿಲ್ಲದ ಪೆಟ್ಟಿಗೆ
ಮನೆಯಲ್ಲೇ ಸಂಗೀತ ರೆಕಾರ್ಡ್ ಮಾಡಲು ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದವರಿಗೆ ಎಷ್ಟೋ ಸಲ ಮೊದಲು ಎದುರಾಗುವುದು ಗ್ರಾಫಿಕ್ಸ್ ಕಾರ್ಡಿನ ಮಾತು. ಅದು ಬೇಡ, ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಆ ದುಡ್ಡನ್ನು ನಾನಾದರೆ ಮೌನಕ್ಕೆ ಹಾಕುತ್ತೇನೆ. ವೀಣೆಯ ಒಂದು ಮೀಟು ಕರಗುತ್ತಾ ಹೋಗುವಾಗ ಅದರ ಬಾಲದಲ್ಲಿ ಮೈಕ್ ಹಿಡಿಯುವುದು ಫ್ಯಾನಿನ ಗುಂಯ್ ಸದ್ದನ್ನು. ಒಮ್ಮೆ ಬೆರೆತ ಮೇಲೆ ಅದನ್ನು ತೆಗೆಯಹೋದರೆ ನಾದವೂ ಸವೆಯುತ್ತದೆ. ಹಾಗಾಗಿ ನಿಧಾನಕ್ಕೆ ತಿರುಗುವ 140 ಮಿ.ಮೀ. ಫ್ಯಾನು, ದೊಡ್ಡ ಹೀಟ್‌ಸಿಂಕ್, ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ. ಪ್ರೊಸೆಸರಿನಲ್ಲಿ ಕೋರ್‌ಗಳ ಎಣಿಕೆಗಿಂತ ಒಂದೊಂದು ಕೋರಿನ ವೇಗ ನೋಡಿ: ಒಂದು ಟ್ರ್ಯಾಕಿನ ಮೇಲೆ ಸಾಲಾಗಿ ಹಾಕಿದ ಎಫೆಕ್ಟ್‌ಗಳನ್ನು ಸಾಮಾನ್ಯವಾಗಿ ಒಂದೇ ಕೋರ್ ಒಂದಾದ ಮೇಲೊಂದರಂತೆ ಲೆಕ್ಕ ಹಾಕಬೇಕು. 48,000 ಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಈ ಲೆಕ್ಕಕ್ಕೆ ಸಿಗುವುದು ಸುಮಾರು 2.7 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಮುಗಿಯದಿದ್ದರೆ ಹೆಡ್‌ಫೋನಿನಲ್ಲಿ ಚಟಪಟ. ರ‍್ಯಾಮ್ 16 ಜಿಬಿ ಸಾಕು, ಸ್ಯಾಂಪಲ್ ವಾದ್ಯಗಳನ್ನು ಹೆಚ್ಚು ಬಳಸುವವರಿಗೆ 32. ಮದರ್‌ಬೋರ್ಡಿನ ಮೈಕ್ ಕಿಂಡಿಯನ್ನು ನಂಬಬೇಡಿ. ಹೊರಗಿನ ಆಡಿಯೊ ಇಂಟರ್‌ಫೇಸನ್ನೇ ಕೊಳ್ಳಿ, ವಿಂಡೋಸ್ ಆದರೆ ಅದಕ್ಕೆ ತನ್ನದೇ ಎಎಸ್‌ಐಒ ಡ್ರೈವರ್ ಇದೆಯೇ ಎಂದು ಮೊದಲೇ ಕೇಳಿ.